ಹಳದಿ ಹೊಟ್ಟೆಯ ಹಕ್ಕಿಗೆ ‘ಬೂದು ಸಿಪಿಲೆ’ ಎಂಬ ಹೆಸರೇಕೆ?

ಮಳೆ ಹಿಂದೆ ಸರಿದು ಕೆರೆ ಕೋಡಿಯಲ್ಲಿ ನೀರು ತೆಳ್ಳಗೆ ಹರಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕಳೆಯುತ್ತಿದ್ದಂತೆ, ಹಕ್ಕಿ ನೋಡುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಬರತೊಡಗುತ್ತದೆ. ಒದ್ದೆ ಕಲ್ಲಿನ ಮೇಲೆ ಗುಬ್ಬಿಗಿಂತ ತೆಳುಮೈಯ, ಉದ್ದ ಬಾಲದ ಪುಟ್ಟ ಹಕ್ಕಿ. ಹೊಟ್ಟೆಯಡಿ ಎದ್ದು ಕಾಣುವ ಹಳದಿ. ಜೊತೆಗೆ ಪ್ರಶ್ನೆ: ಇದು ಯಾವ ಹಕ್ಕಿ? ಉತ್ತರವೂ ಕೂಡಲೇ ಬರುತ್ತದೆ: ಹಳದಿ ಸಿಪಿಲೆ. ಆ ಉತ್ತರ ಬಹಳ ಸಲ ತಪ್ಪಾಗಿರುತ್ತದೆ. ಅದು ಬೂದು ಸಿಪಿಲೆ.

ಹೊಟ್ಟೆ ಹಳದಿಯಾಗಿರುವ ಹಕ್ಕಿಯನ್ನು ಬೂದು ಎಂದು ಕರೆದರೆ ಹೊಸಬರಿಗೆ ಗೊಂದಲವಾಗುವುದು ಸಹಜ. ಆದರೆ ಈ ಹೆಸರಿನೊಳಗೆ ಸಿಪಿಲೆಗಳನ್ನು ಗುರುತಿಸುವ ಮುಖ್ಯ ಗುಟ್ಟು ಇದೆ. ಇನ್ನೊಂದು ಗುಟ್ಟು ಹಕ್ಕಿಯ ಮೈಮೇಲೆ ಸಿಗುವುದಿಲ್ಲ, ಕ್ಯಾಲೆಂಡರ್‌ನಲ್ಲಿ ಸಿಗುತ್ತದೆ. ಚಿತ್ರ ತೆಗೆದದ್ದು ಯಾವ ತಿಂಗಳು, ಎಂಥ ಜಾಗ ಎಂಬುದು ಗೊತ್ತಿಲ್ಲದೆ ಸಿಪಿಲೆಯ ಹೆಸರು ಹೇಳುವುದು ಅರ್ಧ ವಿಳಾಸ ನೋಡಿ ಪತ್ರ ಹಂಚಿದಂತೆ. ಹಕ್ಕಿ ಗುರುತಿಸಲು ನೆರವಾಗುವ ‘ಮರ್ಲಿನ್’ ಎಂಬ ಮೊಬೈಲ್ ಆ್ಯಪ್ ಕೂಡ ಎಲ್ಲಿ ನೋಡಿದಿರಿ, ಯಾವಾಗ ನೋಡಿದಿರಿ ಎಂದು ಕೇಳಿದ ಮೇಲೆಯೇ ಗಾತ್ರ, ಬಣ್ಣಗಳ ವಿಚಾರಕ್ಕೆ ಬರುತ್ತದೆ.

ಸಿಪಿಲೆ ಎಂದರೆ ಯಾವ ಹಕ್ಕಿ?

ಇಂಗ್ಲಿಷಿನ ವ್ಯಾಗ್‌ಟೇಲ್ ಕನ್ನಡದಲ್ಲಿ ಸಿಪಿಲೆ. ಮಲೆನಾಡಿನ ಕಡೆ ಕುಂಡೆಕುಸ್ಕ ಎಂಬ ಹೆಸರೂ ಇದೆ. ನಿಂತಲ್ಲೇ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುವ ಅದರ ಚಾಳಿಯನ್ನು ಒಂದೇ ಪದದಲ್ಲಿ ಹಿಡಿದ ಹೆಸರದು. ಸಂಸ್ಕೃತದ ‘ಖಂಜನ’ವೂ ಇದೇ. ಚಂಚಲವಾದ ಕಣ್ಣುಗಳನ್ನು ಕವಿಗಳು ಖಂಜನಕ್ಕೆ ಹೋಲಿಸಿದ್ದನ್ನು ಓದಿದವರು ಒಮ್ಮೆ ನೀರಂಚಿನಲ್ಲಿ ಈ ಹಕ್ಕಿಯನ್ನು ನೋಡಬೇಕು. ಹೋಲಿಕೆ ಎಲ್ಲಿಂದ ಬಂತೆಂಬುದು ಆಗ ತಿಳಿಯುತ್ತದೆ.

ನೀರಂಚಿನಲ್ಲಿ ಓಡಾಡಿದರೂ ಸಿಪಿಲೆ ಕೊಕ್ಕರೆಯ ಬಳಗವಲ್ಲ, ಗೊರವದ ಬಳಗವೂ ಅಲ್ಲ. ಅದು ಹಾಡುಹಕ್ಕಿ. ಹಾಡುಹಕ್ಕಿ ಎಂಬುದು ಇಲ್ಲಿ ಹೊಗಳಿಕೆಯ ಮಾತಲ್ಲ, ಒಂದು ದೊಡ್ಡ ಗುಂಪಿನ ಹೆಸರು. ಈ ಗುಂಪಿನ ಹಕ್ಕಿಗಳಿಗೆ ಶ್ವಾಸನಾಳ ಕವಲೊಡೆಯುವಲ್ಲಿ ದನಿ ಹೊರಡಿಸುವ ಅಂಗವೊಂದಿದೆ. ಅದನ್ನು ನವಿರಾಗಿ ಹಿಗ್ಗಿಸಿ ಕುಗ್ಗಿಸುವ ಸ್ನಾಯುಗಳು ಇರುವುದರಿಂದಲೇ ಅವು ಹಾಡಬಲ್ಲವು. ಗುಬ್ಬಿ, ಮಡಿವಾಳ, ಕಾಗೆ ಎಲ್ಲವೂ ಇದೇ ಗುಂಪಿಗೆ ಸೇರಿವೆ. ಅಂದರೆ ಸಿಪಿಲೆ ನೀರಂಚಿನ ಬದುಕಿಗೆ ಒಗ್ಗಿಕೊಂಡ ಹಾಡುಹಕ್ಕಿ. ಕೊಕ್ಕರೆಯಂತೆ ನೀರೊಳಗೆ ನಿಲ್ಲಲು ಬೇಕಾದ ಉದ್ದ ಕಾಲು ಅದಕ್ಕಿಲ್ಲ. ಕೆಸರು ಒದ್ದೆಯಾಗಿದ್ದು, ನೀರು ಬೆರಳ ಗೆಣ್ಣಿನಷ್ಟೂ ಆಳವಿಲ್ಲದ ಕಿರಿದಾದ ಪಟ್ಟಿಯೇ ಅದರ ಊಟದ ತಟ್ಟೆ. ನೀರಿನಿಂದ ಮೇಲೇಳುವ ಸಣ್ಣ ನೊಣಗಳು, ಸೊಳ್ಳೆಗಳು, ಕೆಸರಿನ ಹುಳುಗಳು, ಜೇಡಗಳು ಅದರ ಆಹಾರ.

ದೂರದಿಂದಲೇ ಸಿಪಿಲೆ ಎಂದು ಹೇಳಲು ಮೂರು ನಡವಳಿಕೆಗಳು ಸಾಕು. ಗುಬ್ಬಿಯಂತೆ ಅದು ಕುಪ್ಪಳಿಸುವುದಿಲ್ಲ, ಒಂದಾದ ಮೇಲೊಂದು ಹೆಜ್ಜೆಯಿಟ್ಟು ನಡೆಯುತ್ತದೆ, ಹೆಜ್ಜೆಗೊಮ್ಮೆ ಕತ್ತು ಮುಂದೆ ಹಿಂದೆ ಆಡುತ್ತದೆ. ನಿಂತಾಗ ಬಾಲ ಬಡಿಯುತ್ತದೆ. ಹಾರುವಾಗ ದಾರಿ ಅಲೆಯಲೆಯಾಗಿರುತ್ತದೆ: ನಾಲ್ಕು ಸಲ ರೆಕ್ಕೆ ಬಡಿದು ಮೇಲೇರುತ್ತದೆ, ರೆಕ್ಕೆ ಮುಚ್ಚಿ ಜಾರುತ್ತದೆ, ಮತ್ತೆ ಏರುತ್ತದೆ. ಆ ಹೊತ್ತಿಗೆ ‘ಚಿಸ್ಸಿಕ್’ ಎಂದೋ ‘ಟ್ಸಿ ಟ್ಸಿ’ ಎಂದೋ ಮೊನಚಾದ ಕೂಗು ಕೇಳುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಕೆರೆಯಂಚಿನಲ್ಲಿ ಹಿಂಭಾಗ ಕುಣಿಸುವ ಇನ್ನೊಂದು ಹಕ್ಕಿ ಇದೆ. ಅದು ಗೊರವಗಳಲ್ಲೊಂದು. ಅದರ ಬಾಲ ಮೋಟು, ಕೊಕ್ಕು ಉದ್ದ, ಕುಣಿಯುವುದು ಇಡೀ ಹಿಂಬದಿಯ ಮೈ. ಸಿಪಿಲೆಯ ಬಾಲವಾದರೋ ಹೆಚ್ಚುಕಡಿಮೆ ಅದರ ಮೈಯಷ್ಟೇ ಉದ್ದ, ಕೊಕ್ಕು ಸೂಜಿಯಂತೆ ಸಣ್ಣದು.

ಬೆನ್ನು ಮೊದಲು, ಹೊಟ್ಟೆ ಆಮೇಲೆ

ಈಗ ಮೊದಲ ಪ್ರಶ್ನೆಗೆ ಬರೋಣ. ನಮ್ಮ ಕಣ್ಣು ಗಾಢ ಬಣ್ಣದ ಕಡೆಗೇ ಓಡುತ್ತದೆ. ಹಳದಿ ಕಂಡ ಕೂಡಲೇ ಉಳಿದದ್ದನ್ನು ನೋಡುವುದನ್ನೇ ಮರೆಯುತ್ತೇವೆ. ಕರ್ನಾಟಕದಲ್ಲಿ ಕಾಣುವ ಸಿಪಿಲೆಗಳಲ್ಲಿ ಮೂರಕ್ಕೆ ಹಳದಿ ಇದೆ. ಆದ್ದರಿಂದ ಹಳದಿಯೊಂದನ್ನೇ ನಂಬಿದರೆ ಹೆಸರು ಸಿಗುವುದಿಲ್ಲ. ಈ ಮೂರನ್ನು ಬಿಡಿಸಲು ಮೊದಲು ನೋಡಬೇಕಾದದ್ದು ಬೆನ್ನಿನ ಬಣ್ಣ.

ಬೂದು ಸಿಪಿಲೆಯ ಬೆನ್ನು ಒಲೆಯ ಬೂದಿಯಂತೆ ಶುದ್ಧ ಬೂದು, ಅದರಲ್ಲಿ ಹಸಿರಿನ ಛಾಯೆ ಇಲ್ಲ. ಹೆಸರು ಬಂದದ್ದು ಅಲ್ಲಿಂದ. ಹಳದಿ ಎಲ್ಲಕ್ಕಿಂತ ದಟ್ಟವಾಗಿರುವುದು ಬಾಲದ ಬುಡದಲ್ಲಿ. ಚಳಿಗಾಲದಲ್ಲಿ ಎದೆಯ ಹಳದಿ ಪೇಲವವಾಗುತ್ತದೆ, ಗಂಟಲು ಬಿಳಿಚಾಗುತ್ತದೆ, ಆದರೆ ಬಾಲದ ಬುಡ ಮಾತ್ರ ಮರಿಯಲ್ಲೂ ಮುದಿ ಹಕ್ಕಿಯಲ್ಲೂ ಹಳದಿಯಾಗಿಯೇ ಇರುತ್ತದೆ. ಬಾಲವಂತೂ ಈ ಮೂರರಲ್ಲೇ ಅತಿ ಉದ್ದ. ಇನ್ನೂ ಸಂಶಯ ಉಳಿದರೆ ಕಾಲು ನೋಡಿ. ಬೂದು ಸಿಪಿಲೆಯ ಕಾಲು ಮಾಸಲು ಗುಲಾಬಿಗಂದು, ಉಳಿದೆರಡರ ಕಾಲು ಕಪ್ಪು. ಮೊಬೈಲ್‌ನಲ್ಲಿ ತೆಗೆದ ಮಸುಕಾದ ಚಿತ್ರದಲ್ಲೂ ಕಾಲಿನ ಬಣ್ಣ ಎಷ್ಟೋ ಸಲ ಉಳಿದಿರುತ್ತದೆ. ನನಗೆ ಇದು ಎಲ್ಲಕ್ಕಿಂತ ನೆಚ್ಚಿನ ಗುರುತು.

ಹಳದಿ ಸಿಪಿಲೆಯ ಬೆನ್ನಿನಲ್ಲಿ ಹಸಿರು ಬೆರೆತ ಕಂದು ಇರುತ್ತದೆ, ಬಾಲ ಅಷ್ಟು ಉದ್ದವಿಲ್ಲ. ಹೆಣ್ಣು ಮತ್ತು ಎಳೆಯ ಹಕ್ಕಿಗಳು ತೀರ ಮಂಕು. ಇದು ಗುಂಪಿನ ಹಕ್ಕಿ. ಮೇಯುವ ದನಗಳ ಕಾಲ ಬಳಿ ಹತ್ತಾರು ಹಳದಿ ಸಿಪಿಲೆಗಳು ಓಡಾಡುತ್ತಿರುತ್ತವೆ. ದನದ ಗೊರಸಿಗೆ ಬೆದರಿ ಹುಲ್ಲಿನಿಂದ ಹಾರಿದ ಕೀಟ ಅವುಗಳ ಪಾಲಾಗುತ್ತದೆ.

ಮೂರನೆಯದು ಹಳದಿ ತಲೆಯ ಸಿಪಿಲೆ. ಬೇಸಿಗೆಯ ಗಂಡಿನ ಇಡೀ ತಲೆ ನಿಂಬೆಹಣ್ಣಿನ ಬಣ್ಣದ್ದು. ಆದರೆ ನಮ್ಮಲ್ಲಿ ಅದು ಕಾಣುವುದು ಬಹುಪಾಲು ಚಳಿಗಾಲದ ಉಡುಪಿನಲ್ಲಿ. ಆಗ ನೋಡಬೇಕಾದದ್ದು ಕೆನ್ನೆ. ಹುಬ್ಬಿನ ಹಳದಿ ಗೆರೆ ಕಣ್ಣಿನ ಹಿಂದೆ ನಿಲ್ಲದೆ ಕೆನ್ನೆಯನ್ನು ಬಳಸಿ ಇಳಿದು ಗಂಟಲನ್ನು ಸೇರುತ್ತದೆ, ಕೆನ್ನೆಗೆ ಚೌಕಟ್ಟು ಹಾಕಿದಂತೆ. ರೆಕ್ಕೆಯ ಮೇಲೆ ಎರಡು ಅಗಲವಾದ ಬಿಳಿ ಪಟ್ಟಿಗಳಿರುತ್ತವೆ. ಬೆನ್ನು ಬೂದು, ಬಾಲದ ಬುಡ ಬಿಳಿ. ಮೊದಲ ಚಳಿಗಾಲದ ಎಳೆಯ ಹಕ್ಕಿಯಲ್ಲಿ ಹಳದಿಯೇ ಇರುವುದಿಲ್ಲ, ಬರೀ ಬೂದು ಬಿಳುಪು. ಹೆಸರು ನೋಡಿ ಹೊರಟವರು ಕೈತಪ್ಪಿಸಿಕೊಳ್ಳುವುದು ಇದನ್ನೇ. ಕೆನ್ನೆಯ ಚೌಕಟ್ಟನ್ನೂ ರೆಕ್ಕೆಯ ಪಟ್ಟಿಗಳನ್ನೂ ಹುಡುಕಿದವರಿಗೆ ಅದು ಸಿಗುತ್ತದೆ. ಅಂತರಗಂಗೆ, ತಾವರೆ ಎಲೆ, ಜೊಂಡು ತೇಲುವ ಕೆರೆಗಳು ಇದಕ್ಕೆ ಇಷ್ಟ. ಎಲೆಯಿಂದ ಎಲೆಗೆ ನಡೆಯುತ್ತಾ ನೀರಿನ ನಡುವಿನವರೆಗೂ ಹೋಗುತ್ತದೆ.

ಕಪ್ಪು ಬಿಳಿ ಜೋಡಿ ಸುಲಭ. ಕೊಕ್ಕಿನಿಂದ ಎದೆಯವರೆಗೂ ತಲೆ ಪೂರ್ತಿ ಕಪ್ಪಾಗಿದ್ದು, ಕಣ್ಣಿನ ಮೇಲೆ ಸುಣ್ಣದಲ್ಲಿ ಎಳೆದಂತೆ ಬಿಳಿ ಹುಬ್ಬಿದ್ದರೆ ಅದು ದೊಡ್ಡ ಸಿಪಿಲೆ. ಸುಮಾರು 21 ಸೆಂ.ಮೀ. ಉದ್ದದ ಇದು ಸಿಪಿಲೆಗಳಲ್ಲೇ ದೊಡ್ಡದು, ಭಾರತ ಉಪಖಂಡ ಬಿಟ್ಟರೆ ಬೇರೆಲ್ಲೂ ನೆಲೆಸಿಲ್ಲ. ಇದರ ವೈಜ್ಞಾನಿಕ ಹೆಸರಿನಲ್ಲಿ ಮದ್ರಾಸು ಸೇರಿಕೊಂಡಿದೆ: ಮೋಟಾಸಿಲ್ಲ ಮದರಾಸ್‌ಪಟೆನ್ಸಿಸ್. ಹೊಸಬರು ಇದನ್ನು ಮಡಿವಾಳ ಹಕ್ಕಿಯೆಂದು ತಿಳಿಯುವುದುಂಟು. ಮಡಿವಾಳಕ್ಕೆ ಬಿಳಿ ಹುಬ್ಬಿಲ್ಲ, ಅದು ಬಾಲವನ್ನು ಮೇಲಕ್ಕೆ ನಿಗುರಿಸಿಕೊಂಡಿರುತ್ತದೆ. ಬಿಳಿ ಸಿಪಿಲೆಯ ಮುಖವೇ ಬಿಳಿ, ಹಣೆಯೂ ಬಿಳಿ, ಬೆನ್ನು ಸಾಮಾನ್ಯವಾಗಿ ಬೂದು, ಎದೆಯ ಮೇಲೆ ಅರ್ಧಚಂದ್ರದಂತೆ ಕಪ್ಪು ಪಟ್ಟಿ.

ಆರನೆಯದು ಕಾಡು ಸಿಪಿಲೆ. ಇದಕ್ಕೆ ಕೆರೆ ಬೇಡ, ಮಲೆನಾಡಿನ ಮರಗಳ ನೆರಳಿನ ದಾರಿ ಬೇಕು. ಎದೆಯ ಮೇಲೆ ಎರಡೆಳೆ ಕಪ್ಪು ಸರ, ರೆಕ್ಕೆಯ ಮೇಲೆ ಕಪ್ಪು ಕೆನೆಬಣ್ಣದ ಪಟ್ಟೆಗಳು. ಬಳಗವೆಲ್ಲ ಬಾಲವನ್ನು ಮೇಲೆ ಕೆಳಗೆ ಬಡಿದರೆ ಇದು ಎಡಕ್ಕೂ ಬಲಕ್ಕೂ ತೂಗುತ್ತದೆ. ಒಮ್ಮೆ ನೋಡಿದರೆ ಮರೆಯುವ ಮಾತಿಲ್ಲ.

ಆ ಬಾಲ ಏಕೆ?

ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ. ವಿಜ್ಞಾನಿಗಳು ಕೂಡ ಕೇಳಿಕೊಂಡಿದ್ದಾರೆ. ಬಾಲದ ಅಲುಗಾಟಕ್ಕೆ ಕೀಟಗಳು ಬೆದರಿ ಹಾರುತ್ತವೆ, ಹಿಡಿಯಲು ಸುಲಭವಾಗುತ್ತದೆ ಎಂಬುದು ಹಳೆಯ ವಿವರಣೆ. ಆದರೆ ಕೀಟವೇ ಇಲ್ಲದ ಬರಿಗಲ್ಲಿನ ಮೇಲೂ ಸಿಪಿಲೆ ಬಾಲ ಬಡಿಯುತ್ತದೆ. ಬಿಳಿ ಸಿಪಿಲೆಗಳನ್ನು ಗಮನಿಸಿದ ಸಂಶೋಧಕರು ಇನ್ನೊಂದು ವಿವರಣೆ ಕೊಟ್ಟಿದ್ದಾರೆ. ಬಾಲ ಬಡಿತಕ್ಕೂ ಹಕ್ಕಿಯ ಎಚ್ಚರಕ್ಕೂ ಸಂಬಂಧವಿದೆ, ಅದು ಬೇಟೆಗಾರನಿಗೆ ಕೊಡುವ ಸೂಚನೆ ಎಂಬುದು ಅವರ ವಾದ. ರಾತ್ರಿ ಪಹರೆಯವನು ಕೋಲು ಕುಟ್ಟುತ್ತಾ ನಡೆಯುವುದನ್ನು ನೆನೆದುಕೊಳ್ಳಿ. ನಾನು ಎಚ್ಚರವಾಗಿದ್ದೇನೆ ಎಂದು ಕಳ್ಳನಿಗೆ ಮೊದಲೇ ತಿಳಿಸಿದರೆ ಇಬ್ಬರ ಶ್ರಮವೂ ಉಳಿಯುತ್ತದೆ. ಹದ್ದಿಗೂ ಗಿಡುಗಕ್ಕೂ ಸಿಪಿಲೆ ಹೇಳುತ್ತಿರುವುದು ಇದೇ ಇರಬಹುದು.

ಯಾರು ಬರುತ್ತಾರೆ, ಯಾರು ಇಲ್ಲೇ ಇರುತ್ತಾರೆ

ಈ ಆರರಲ್ಲಿ ವರ್ಷವಿಡೀ ಇಲ್ಲೇ ಇರುವುದು ದೊಡ್ಡ ಸಿಪಿಲೆ ಒಂದೇ. ಜೂನ್ ತಿಂಗಳಲ್ಲಿ ಕರ್ನಾಟಕದ ಯಾವುದೇ ಹೊಳೆಯಂಚಿನಲ್ಲಿ ಸಿಪಿಲೆ ಕಂಡರೆ ಅದು ದೊಡ್ಡ ಸಿಪಿಲೆಯೇ ಎಂದು ಮೊದಲು ಎಣಿಸಬಹುದು. ಉಳಿದ ಐದೂ ವಲಸೆ ಹಕ್ಕಿಗಳು. ಬೇಸಿಗೆಯಲ್ಲಿ ಉತ್ತರದಲ್ಲಿ ಗೂಡು ಕಟ್ಟಿ, ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುತ್ತವೆ.

ಮೊದಲು ಬರುವುದು ಬೂದು ಸಿಪಿಲೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ, ಮಳೆ ಇನ್ನೂ ಪೂರ್ತಿ ಬಿಡುವ ಮುನ್ನವೇ, ಮಲೆನಾಡಿನ ತೊರೆಗಳ ಕಲ್ಲುಗಳ ಮೇಲೆ, ಒದ್ದೆ ರಸ್ತೆಯ ಅಂಚಿನಲ್ಲಿ ಒಂಟಿಯಾಗಿ ಕಾಣಿಸಿಕೊಳ್ಳುತ್ತದೆ. ಹಿಮಾಲಯದ ತೊರೆಗಳಲ್ಲಿ ಗೂಡು ಕಟ್ಟುವ ಬೂದು ಸಿಪಿಲೆಗಳಿವೆ, ಅದಕ್ಕೂ ಉತ್ತರದಲ್ಲಿ ಕಟ್ಟುವವೂ ಇವೆ. ಶ್ರೀನಗರದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ 2,300 ಕಿ.ಮೀ. ಆಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಹಳದಿ ಸಿಪಿಲೆಗಳೂ ಬಿಳಿ ಸಿಪಿಲೆಗಳೂ ಹಳದಿ ತಲೆಯವೂ ಕೆರೆಯಂಗಳ, ಗದ್ದೆಗಳಿಗೆ ಇಳಿಯುತ್ತವೆ. ಪೂರ್ವ ಏಷ್ಯಾದ ಕಾಡುಗಳಿಂದ ಬರುವ ಕಾಡು ಸಿಪಿಲೆ ಪಶ್ಚಿಮ ಘಟ್ಟದ ನೆರಳು ಹಿಡಿಯುತ್ತದೆ.

ಶರದೃತುವಿನಲ್ಲಿ ಖಂಜನ ಕಾಣಿಸಿಕೊಳ್ಳುವುದನ್ನು ನಮ್ಮ ಹಿರಿಯರು ಬಹು ಹಿಂದೆಯೇ ಗಮನಿಸಿದ್ದರು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಂಜನದ ದರ್ಶನದಿಂದ ಶಕುನ ನೋಡುವ ಒಂದು ಅಧ್ಯಾಯವೇ ಇದೆ. ಶಕುನದ ಮಾತು ಹಾಗಿರಲಿ, ಒಂದು ಪುಟ್ಟ ಹಕ್ಕಿ ಕಣ್ಣಿಗೆ ಬೀಳುವ ದಿನವನ್ನು ಅಷ್ಟು ಶ್ರದ್ಧೆಯಿಂದ ಕಾದು ನೋಡಿದವರಿದ್ದರಲ್ಲ ಎಂಬುದೇ ನನಗೆ ದೊಡ್ಡ ವಿಷಯ.

ಸೈಬೀರಿಯಾದ ಹಕ್ಕಿಗೆ ಭೀಮಾ ನದಿಯ ಹೆಸರು

ವಿಲಿಯಂ ಹೆನ್ರಿ ಸೈಕ್ಸ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ದಖ್ಖನಿನಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿದರು. ಅದರಲ್ಲಿ ಎರಡು ಸಿಪಿಲೆಗಳಿಗೆ ಅವರು ಇಟ್ಟ ಹೆಸರು ಇಂದಿಗೂ ಉಳಿದಿವೆ. ಹಳದಿ ಸಿಪಿಲೆಯ ಒಂದು ಬಗೆಗೆ ‘ಬೀಮಾ’ ಎಂದರು. ಅದು ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಸೇರುವ ಭೀಮಾ ನದಿಯ ಹೆಸರು. ಬಿಳಿ ಸಿಪಿಲೆಯ ಒಂದು ಬಗೆಗೆ ‘ದುಖುನೆನ್ಸಿಸ್’ ಎಂದರು, ದಖ್ಖನಿನದು ಎಂಬ ಅರ್ಥದಲ್ಲಿ.

ಆದರೆ ಈ ಎರಡೂ ಬಗೆಯ ಹಕ್ಕಿಗಳು ಭೀಮಾ ತೀರದಲ್ಲಿ ಮೊಟ್ಟೆಯಿಡುವುದಿಲ್ಲ. ‘ಬೀಮಾ’ ಮರಿ ಮಾಡುವುದು ಪಶ್ಚಿಮ ಸೈಬೀರಿಯಾ ಮತ್ತು ಕಜಾಕಿಸ್ತಾನದ ಕಡೆಯ ಹುಲ್ಲುಗಾವಲುಗಳಲ್ಲಿ. ದಖ್ಖನಿನ ಬಿಳಿ ಸಿಪಿಲೆಯ ತವರೂ ಸೈಬೀರಿಯಾದ ಕಡೆಯೇ. ಸೈಬೀರಿಯಾದ ನೊವೊಸಿಬಿರ್ಸ್ಕ್ ನಗರದಿಂದ ಕಲಬುರಗಿಗೆ ನೇರ ದೂರ ಸುಮಾರು 4,200 ಕಿ.ಮೀ. ಅಲ್ಲಿನ ಹುಲ್ಲಿನಲ್ಲಿ ಹುಟ್ಟುವ ಹಕ್ಕಿ ನಮ್ಮ ನದಿಯ ಹೆಸರು ಹೊತ್ತು ತಿರುಗುತ್ತದೆ.

ಒಂದೇ ಸಿಪಿಲೆಯಲ್ಲಿ ಹಲವು ಬಗೆ ಎಂದರೇನು? ಜೀವಶಾಸ್ತ್ರದಲ್ಲಿ ಇದನ್ನು ಉಪಪ್ರಭೇದ ಎನ್ನುತ್ತಾರೆ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಕೇಳಿದರೆ ಯಾವ ಊರಿನವರೆಂದು ತಿಳಿಯುತ್ತದೆ, ಆದರೆ ಎರಡೂ ಕನ್ನಡವೇ. ಹಾಗೆಯೇ ಬಿಳಿ ಸಿಪಿಲೆಗಳಲ್ಲಿ ಮುಖದ ಕಪ್ಪು ಬಿಳಿಯ ಹಂಚಿಕೆ ಬೇರೆ ಬೇರೆಯಾಗಿರುತ್ತದೆ, ಅದು ಅವುಗಳ ಹುಟ್ಟೂರಿನ ಗುರುತು. ಮಧ್ಯ ಏಷ್ಯಾದಿಂದ ಬರುವ ಒಂದು ಬಗೆಗೆ ಕಪ್ಪು ಕುಲಾವಿಯ ನಡುವೆ ಬಿಳಿ ಮುಖವಾಡ ಇಟ್ಟಂತಿರುತ್ತದೆ. ಹಿಮಾಲಯದ ಬಗೆಯ ಬೆನ್ನೇ ಕಪ್ಪು. ಹಳದಿ ಸಿಪಿಲೆಗಳಲ್ಲೂ ಬೂದು ತಲೆ, ಕಪ್ಪು ತಲೆ ಎಂದು ಬಗೆಗಳಿವೆ. ಚಳಿಗಾಲದ ಮಂಕು ಗರಿಯಲ್ಲಿ ಇವುಗಳನ್ನು ಬಿಡಿಸುವುದು ಅನುಭವಿಗಳಿಗೂ ಕಷ್ಟ. ಹೊಸಬರು ಸಿಪಿಲೆ ಯಾವುದೆಂಬಲ್ಲಿಗೆ ನಿಲ್ಲಿಸಿದರೆ ಏನೂ ನಷ್ಟವಿಲ್ಲ.

ಇಷ್ಟು ದೂರ ಏಕೆ, ಹೇಗೆ?

ಬಿಳಿ ಸಿಪಿಲೆಯೊಂದರ ತೂಕ ಸುಮಾರು ಇಪ್ಪತ್ತು ಗ್ರಾಂ. ನಾಲ್ಕೈದು ಚಮಚ ಸಕ್ಕರೆಯಷ್ಟು. ಅಷ್ಟು ಹಗುರವಾದ ಜೀವ ಸಾವಿರಾರು ಕಿಲೋಮೀಟರ್ ಹಾರಲು ಹೊರಡುವುದು ಚಳಿಗೆ ಹೆದರಿ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಗರಿಯ ಹೊದಿಕೆ ಇರುವ ಹಕ್ಕಿಗೆ ಚಳಿ ತಡೆಯುವುದು ಅಷ್ಟು ಕಷ್ಟವಲ್ಲ. ಕಷ್ಟವಾಗುವುದು ಊಟ. ಉತ್ತರದಲ್ಲಿ ನೀರು ಹೆಪ್ಪುಗಟ್ಟಿದರೆ, ಕೆಸರು ಕಲ್ಲಾದರೆ, ಕೀಟಗಳಿಲ್ಲ. ಕೀಟವನ್ನೇ ನಂಬಿದ ಹಕ್ಕಿ ಅಲ್ಲಿ ಉಳಿಯುವಂತಿಲ್ಲ.

ಹಾಗಾದರೆ ಇಲ್ಲೇ ಉಳಿದುಬಿಡಬಹುದಲ್ಲ? ಇದಕ್ಕೆ ಉತ್ತರ ಹಗಲಿನ ಉದ್ದದಲ್ಲಿದೆ. ಜೂನ್‌ನಲ್ಲಿ ಕರ್ನಾಟಕದ ಹಗಲು ಸುಮಾರು 13 ಗಂಟೆ. ಅದೇ ದಿನ ನೊವೊಸಿಬಿರ್ಸ್ಕ್‌ನಲ್ಲಿ ಹಗಲು 17 ಗಂಟೆಗೂ ಹೆಚ್ಚು. ಗೂಡಿನಲ್ಲಿ ನಾಲ್ಕೈದು ಮರಿಗಳು ಬಾಯಿ ತೆರೆದು ಕೂತಿರುವಾಗ ದಿನಕ್ಕೆ ನಾಲ್ಕು ಗಂಟೆ ಹೆಚ್ಚು ದುಡಿಯಲು ಸಿಗುವುದೆಂದರೆ ಸಣ್ಣ ಲಾಭವಲ್ಲ. ಹಿಮ ಕರಗಿದ ಜೌಗಿನಲ್ಲಿ ಆಗ ಕೀಟಗಳ ಸುಗ್ಗಿ ಬೇರೆ. ದಾರಿಯ ಅಪಾಯಗಳನ್ನೆಲ್ಲ ಕಳೆದ ಮೇಲೂ ಈ ಲೆಕ್ಕ ಹಕ್ಕಿಗೆ ಲಾಭದ ಕಡೆಗೇ ವಾಲುತ್ತದೆ.

ಹೊರಡುವ ಸಮಯವನ್ನು ತಿಳಿಸುವುದು ಕೂಡ ಹಗಲೇ. ಹಕ್ಕಿಗಳ ಮೆದುಳಿನ ಆಳದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿವೆ. ತೆಳುವಾದ ತಲೆಬುರುಡೆಯನ್ನು ದಾಟಿ ಬರುವ ಬೆಳಕನ್ನು ಅವು ಅಳೆಯುತ್ತವೆ. ಹಗಲು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದು ತಿಳಿದು ಹಾರ್ಮೋನುಗಳು ಬದಲಾಗುತ್ತವೆ. ಹಸಿವು ಹೆಚ್ಚುತ್ತದೆ, ಚರ್ಮದಡಿ ಕೊಬ್ಬು ಸೇರುತ್ತದೆ. ಪ್ರಯಾಣಕ್ಕೆ ಅದೇ ಬುತ್ತಿ. ಒಂದೇ ಉಸಿರಿಗೆ ಊರು ಮುಟ್ಟುವ ಹಾರಾಟ ಇದಲ್ಲ. ಬುತ್ತಿ ಮುಗಿದಲ್ಲಿ ಇಳಿದು, ತಿಂದು, ಮತ್ತೆ ಕೊಬ್ಬು ತುಂಬಿಕೊಂಡು ಮುಂದೆ ಹೋಗುತ್ತವೆ. ದಿಕ್ಕಿಗೆ ಸೂರ್ಯ, ನಕ್ಷತ್ರಗಳು, ಭೂಮಿಯ ಅಯಸ್ಕಾಂತ ಕ್ಷೇತ್ರ ಮೂರನ್ನೂ ವಲಸೆ ಹಕ್ಕಿಗಳು ಬಳಸುತ್ತವೆ. ಮಧ್ಯ ಏಷ್ಯಾದಿಂದ ನಮ್ಮ ಕಡೆಗೆ ಬರುವ ಈ ಆಕಾಶಮಾರ್ಗಕ್ಕೆ ಮಧ್ಯ ಏಷ್ಯಾ ವಲಸೆ ಹಾದಿ ಎಂದು ಹೆಸರು. ಅದು 30 ದೇಶಗಳ ಮೇಲೆ ಹಾದುಹೋಗುತ್ತದೆ.

ನಮಗೆ ಇದೆಲ್ಲ ತಿಳಿದದ್ದು ಹೇಗೆ? ಮೊದಲ ದಾರಿ ಉಂಗುರ. ಹಕ್ಕಿಯನ್ನು ಬಲೆಯಲ್ಲಿ ಹಿಡಿದು, ಸಂಖ್ಯೆ ಕೆತ್ತಿದ ಹಗುರ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಬಿಡುತ್ತಾರೆ. ಅದೇ ಸಂಖ್ಯೆಯ ಹಕ್ಕಿ ಮತ್ತೆಲ್ಲಾದರೂ ಸಿಕ್ಕರೆ ಎರಡು ಊರುಗಳ ನಡುವೆ ಗೆರೆ ಎಳೆಯಬಹುದು. ಹೀಗೆ ಉಂಗುರ ತೊಟ್ಟ ಬೂದು ಸಿಪಿಲೆಯೊಂದು ಮುಂಬಯಿಯ ಒಂದೇ ಹುಲ್ಲುಹಾಸಿಗೆ ವರ್ಷ ವರ್ಷವೂ ಮರಳಿ ಬಂದದ್ದನ್ನು ಪಕ್ಷಿತಜ್ಞ ಸಲೀಂ ಅಲಿ ದಾಖಲಿಸಿದ್ದಾರೆ. ಊರಿಗೆ ಮರಳುವುದೇ ಅಚ್ಚರಿ, ಅಂಗಳಕ್ಕೇ ಮರಳುವುದೆಂದರೆ! ನಿಮ್ಮ ಕೆರೆಯ ತೂಬಿನ ಕಲ್ಲಿನ ಮೇಲೆ ಈ ವರ್ಷ ಕಾಣುವ ಬೂದು ಸಿಪಿಲೆ ಕಳೆದ ವರ್ಷದ್ದೇ ಆಗಿರುವುದು ಖಂಡಿತ ಸಾಧ್ಯ.

ಎರಡನೆಯ ದಾರಿ ಜಿಯೊಲೊಕೇಟರ್ ಎಂಬ ಪುಟ್ಟ ಸಾಧನ. ಒಂದು ಗ್ರಾಂಗೂ ಕಡಿಮೆ ತೂಕದ ಇದನ್ನು ಸಣ್ಣ ಹಾಡುಹಕ್ಕಿಗಳ ಬೆನ್ನಿಗೆ ಕಟ್ಟುತ್ತಾರೆ. ಇದಕ್ಕೆ ಉಪಗ್ರಹದ ನಂಟಿಲ್ಲ. ಇದು ಮಾಡುವುದು ಒಂದೇ ಕೆಲಸ: ಬೆಳಕು ಎಷ್ಟಿದೆ ಎಂದು ಬರೆದುಕೊಳ್ಳುವುದು. ಆ ಟಿಪ್ಪಣಿಯಿಂದ ಪ್ರತಿದಿನದ ಸೂರ್ಯೋದಯ, ಸೂರ್ಯಾಸ್ತದ ಸಮಯ ಸಿಗುತ್ತದೆ. ಹಗಲು ಎಷ್ಟು ಉದ್ದ ಎಂಬುದರಿಂದ ಹಕ್ಕಿ ಎಷ್ಟು ಉತ್ತರದಲ್ಲಿತ್ತೆಂದು ತಿಳಿಯುತ್ತದೆ. ನಡುಹಗಲು ಯಾವ ಗಳಿಗೆಗೆ ಬಿತ್ತು ಎಂಬುದರಿಂದ ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇತ್ತೆಂದು ತಿಳಿಯುತ್ತದೆ. ಹಕ್ಕಿ ತನ್ನ ಪಯಣಕ್ಕೆ ಬಳಸುವ ಅದೇ ಹಗಲು ಇಲ್ಲಿ ನಮಗೂ ದಾರಿ ತೋರಿಸುತ್ತದೆ. ತೊಡಕೊಂದೇ, ಟಿಪ್ಪಣಿ ಓದಬೇಕಾದರೆ ಮರುವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿಯಬೇಕು.

ಮೂರನೆಯದು ಸಾಮಾನ್ಯ ನೋಡುಗರ ಲೆಕ್ಕ. ಕಂಡ ಹಕ್ಕಿಗಳನ್ನು ದಾಖಲಿಸುವ ‘ಇ-ಬರ್ಡ್’ ಜಾಲತಾಣದಲ್ಲಿ ಜನರು ಬರೆದಿಡುವ ಪಟ್ಟಿಗಳಿಂದ, ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಿಂದ, ಯಾವ ಸಿಪಿಲೆ ಯಾವ ವಾರ ಎಲ್ಲಿ ಇಳಿಯಿತೆಂಬ ಚಿತ್ರ ಮೂಡುತ್ತದೆ. ತಪ್ಪು ಹೆಸರು ಬರೆದರೆ ಆ ಚಿತ್ರವೂ ತಪ್ಪುತ್ತದೆ. ಬೂದು ಸಿಪಿಲೆಯನ್ನು ಹಳದಿ ಸಿಪಿಲೆಯೆಂದು ಬರೆಯಬಾರದೆಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಚಳಿಗಾಲದ ದಿನಚರಿ

ನೀರಂಚಿನಲ್ಲಿ ಸಿಪಿಲೆ ಗೊತ್ತುಗುರಿಯಿಲ್ಲದೆ ಓಡಾಡುತ್ತದೆಂದು ತೋರಬಹುದು. ಅದರ ಹಿಂದೆ ಲೆಕ್ಕವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿ ಥೇಮ್ಸ್ ನದಿಯ ದಂಡೆಯಲ್ಲಿ ಬಿಳಿ ಸಿಪಿಲೆಯ ಅಲ್ಲಿನ ಬಗೆಯನ್ನು ಚಳಿಗಾಲದುದ್ದಕ್ಕೂ ಹಿಂಬಾಲಿಸಿದ ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದರು. ಒಂದೊಂದು ಹಕ್ಕಿಗೂ ನದಿಯ ಒಂದು ತುಂಡು ಸ್ವಂತ. ಒಂದು ದಂಡೆಯಲ್ಲಿ ಮೇಲೆ ಹೋಗಿ, ಇನ್ನೊಂದು ದಂಡೆಯಲ್ಲಿ ಕೆಳಗೆ ಬಂದು, ಸುಮಾರು 40 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತಿತ್ತು. ನೀರು ತಂದು ದಂಡೆಗೆ ಹಾಕುವ ಕೀಟಗಳೇ ಬೆಳೆ. ಕೊಯ್ದ ಜಾಗದಲ್ಲಿ ಮತ್ತೆ ಕೀಟ ಸೇರಲು ಸಮಯ ಬೇಕು. ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರುವ ಹೊತ್ತಿಗೆ ಅಲ್ಲಿ ಹೊಸ ಬೆಳೆ ಬಂದಿರುತ್ತದೆ. ಬೇರೆ ಸಿಪಿಲೆ ನಡುವೆ ನುಗ್ಗಿ ತಿಂದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದಲೇ ಅದನ್ನು ಅಟ್ಟಿಸುತ್ತದೆ. ಎರಡು ಸಿಪಿಲೆಗಳು ಕಿರುಚುತ್ತಾ ಒಂದನ್ನೊಂದು ಬೆನ್ನಟ್ಟುವುದನ್ನು ನೀವು ನೋಡಿದ್ದರೆ, ಅದು ಇಂಥ ಗಡಿ ತಂಟೆಯೇ ಇದ್ದೀತು.

ಸಂಜೆಯಾದರೆ ಬಿಳಿ ಮತ್ತು ಹಳದಿ ಸಿಪಿಲೆಗಳು ಹಗಲಿನ ಜಗಳ ಮರೆತು ಜೊಂಡಿನ ಪೊದೆಗೋ ಕಬ್ಬಿನ ಗದ್ದೆಗೋ ನೂರಾರು ಸಂಖ್ಯೆಯಲ್ಲಿ ರಾತ್ರಿ ತಂಗಲು ಸೇರುತ್ತವೆ.

ಈ ದಿನಚರಿಗೆ ಬೇಕಾದದ್ದು ಇಳಿಜಾರಾಗಿ ನೀರಿಗೆ ಸೇರುವ ಕೆಸರಿನ ಅಂಚು. ಕೆರೆಯ ಸುತ್ತ ನೇರವಾಗಿ ಕಲ್ಲಿನ ಗೋಡೆ ಎದ್ದರೆ ನೀರು ಉಳಿಯುತ್ತದೆ, ಅಂಚು ಉಳಿಯುವುದಿಲ್ಲ. ನೀರು ತುಂಬಿದ ಅಂಥ ಕೆರೆಯಲ್ಲಿ ಬಾತುಗಳು ಈಜುತ್ತಿದ್ದರೂ ಸಿಪಿಲೆಗೆ ಕಾಲಿಡಲು ಜಾಗವಿರುವುದಿಲ್ಲ.

ಮಾರ್ಚ್ ನಂತರ ಉಡುಪು ಬದಲು

ಹಕ್ಕಿಯ ಗರಿ ನಮ್ಮ ಉಗುರಿನಂತೆ ಸತ್ತ ವಸ್ತು. ಸವೆದರೆ ರಿಪೇರಿಯಾಗದು, ಉದುರಿ ಹೊಸದೇ ಬರಬೇಕು. ಹೊರಡುವ ಮುನ್ನ ವಲಸೆ ಸಿಪಿಲೆಗಳ ತಲೆ, ಎದೆಯ ಗರಿಗಳು ಹೀಗೆ ಬದಲಾಗುತ್ತವೆ. ಜನವರಿಯಲ್ಲಿ ಬಿಳಿಯಾಗಿದ್ದ ಬಿಳಿ ಸಿಪಿಲೆಯ ಗಂಟಲು ಮಾರ್ಚ್ ಹೊತ್ತಿಗೆ ಕಪ್ಪಾಗತೊಡಗುತ್ತದೆ. ಗಂಡು ಬೂದು ಸಿಪಿಲೆಯ ಗಂಟಲಿಗೂ ಕಪ್ಪು ಬರುತ್ತದೆ. ಹಳದಿ ತಲೆಯ ಸಿಪಿಲೆಗೆ ಕೊನೆಗೂ ಹೆಸರಿಗೆ ತಕ್ಕ ತಲೆ ಬರುತ್ತದೆ. ಬದಲಾವಣೆ ನಡುವೆ ಇರುವ ಹಕ್ಕಿಯಂತೂ ಅಲ್ಲಲ್ಲಿ ಬಣ್ಣ ಬಳಿದಂತೆ ಕಾಣುತ್ತದೆ, ಯಾವ ಪುಸ್ತಕದ ಚಿತ್ರಕ್ಕೂ ಹೊಂದುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ತೆಗೆದ ಚಿತ್ರವನ್ನು ಡಿಸೆಂಬರಿನ ಚಿತ್ರದೊಂದಿಗೆ ಹೋಲಿಸಿ ಇವೆರಡೂ ಬೇರೆ ಹಕ್ಕಿಗಳೆಂದು ತೀರ್ಮಾನಿಸುವ ಮುನ್ನ ಇದನ್ನು ನೆನೆಯಬೇಕು. ಆಗಲೂ ಬೂದು ಸಿಪಿಲೆಯ ಬೆನ್ನು ಬೂದಿಯ ಬಣ್ಣದಲ್ಲೇ ಇರುತ್ತದೆ, ಕಾಲು ಮಾಸಲು ಗುಲಾಬಿಯೇ.

ಏಪ್ರಿಲ್ ಮುಗಿಯುವಷ್ಟರಲ್ಲಿ ಬಹುಪಾಲು ಸಿಪಿಲೆಗಳು ಹೊರಟಿರುತ್ತವೆ. ಬಂದ ದಿನ ಗುರುತಿಟ್ಟುಕೊಳ್ಳುವುದು ಸುಲಭ, ಕೊನೆಯ ದಿನ ಹಿಡಿಯುವುದು ಕಷ್ಟ. ಇವತ್ತು ಕಂಡದ್ದೇ ಕೊನೆಯದೆಂದು ಇವತ್ತು ತಿಳಿಯುವುದಿಲ್ಲ, ಹತ್ತು ದಿನ ಕಾಣದಿದ್ದ ಮೇಲೆ ಹಿಂದಿರುಗಿ ನೋಡಿ ಬರೆಯಬೇಕಾಗುತ್ತದೆ. ಅಷ್ಟರಲ್ಲಿ ಸೇತುವೆಯ ಕೆಳಗಿನ ಕಲ್ಲುಸಂದಿಗೆ ದೊಡ್ಡ ಸಿಪಿಲೆಯ ಜೋಡಿ ನಾರು, ಬೇರು, ಕೂದಲು ಹೊರುತ್ತಿರುತ್ತದೆ. ಬೆಳಗ್ಗೆ ಬಿಸಿಲೇರುವ ಮುನ್ನ ಗಂಡು ಎತ್ತರದ ಕಲ್ಲಿನ ಮೇಲೆ ನಿಂತು ದೀರ್ಘವಾಗಿ, ಇಂಪಾಗಿ ಸಿಳ್ಳೆ ಹಾಕುತ್ತದೆ.